ಮಗುವಿಗೆ ಹೇಳಿದ ಇನ್‌ಶಾ ಅಲ್ಲಾಹ್



ನಿಮ್ಮ ಮನೆ ರಾಮನಗರದಲ್ಲಿದೆಯೆಂದು ಭಾವಿಸಿಕೊಳ್ಳಿ. ಶಾಲೆಗೆ ರಜೆಯಿರುವ ದಿನ ಮೇಕೆದಾಟಿಗೆ ಕರೆದೊಯ್ಯುವುದಾಗಿ ಏಳು ವರ್ಷದ ಮಗನಿಗೆ ಹೇಳಿದ್ದೀರಿ. ಅವನು ವಾರವಿಡೀ ದಿನ ಎಣಿಸಿದ್ದಾನೆ. ಸಂಗಮದಲ್ಲಿ ಹರಿಗೋಲಿನಲ್ಲಿ ಕುಳಿತು ಅರ್ಕಾವತಿ ದಾಟುವ ಸುದ್ದಿಯನ್ನು ಓಣಿಯ ಗೆಳೆಯರಿಗೆಲ್ಲ ಸಾರಿಯಾಗಿದೆ. ಫಜ್ರ್ ನಮಾಝ್ ಮುಗಿಸಿ, ಬುತ್ತಿ ಕಟ್ಟಿಕೊಂಡು ಹೊರಟು, ಕನಕಪುರ ದಾಟಿ ಸಾತನೂರಿನಲ್ಲಿ ಚಹಾ ಕುಡಿಯಲು ನಿಂತಾಗ ತಿಳಿಯುತ್ತದೆ: ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಕಾವೇರಿ ತುಂಬಿ ಹರಿಯುತ್ತಿದೆ, ಸಂಗಮದಲ್ಲಿ ಯಾರನ್ನೂ ದಾಟಿಸುತ್ತಿಲ್ಲ. ಮಳೆಗಾಲದಲ್ಲಿ ಆ ಕಡೆ ಇದು ಹೊಸತೇನಲ್ಲ. ಹುಡುಗ ನಿಮ್ಮ ಮುಖ ನೋಡುತ್ತಾನೆ.

ಈಗ ನೀವೇನು ಮಾಡುವಿರಿ?

ಕೆಲವರು ಮಾತು ಕೊಟ್ಟಾಗಿದೆಯೆಂಬ ಹಠದಿಂದ ಮುಂದೆ ಹೋಗಿ ಹೊಳೆಗಿಳಿಯುತ್ತಾರೆ. ಆ ನೀರು ಬಹಳ ಜನರನ್ನು ಬಲಿ ತೆಗೆದುಕೊಂಡಿದೆ. ಪ್ರಾಣವು ಅಲ್ಲಾಹನು ನಮ್ಮಲ್ಲಿಟ್ಟ ಅಮಾನತ್ತು, ಆಟದ ವಸ್ತುವಲ್ಲ. ಇನ್ನು ಕೆಲವರು ಮಗುವನ್ನೇ ಗದರುತ್ತಾರೆ. ಆದರೆ ನಮ್ಮಲ್ಲಿ ಹೆಚ್ಚಿನವರ ದಾರಿ ಬೇರೆ. "ಅಳಬೇಡ, ಮುಂದಿನ ವಾರ ಮಾಗಡಿಗೆ ಹೋಗಿ ಸಾವನದುರ್ಗ ನೋಡೋಣ, ಇನ್‌ಶಾ ಅಲ್ಲಾಹ್" ಎಂದು ಆ ಹೊತ್ತಿಗೆ ಬಾಯಿ ಮುಚ್ಚಿಸುತ್ತಾರೆ. ಆ ಮುಂದಿನ ವಾರ ಬರುವುದೇ ಇಲ್ಲ.

ನಾಳೆ ಇಂಥದ್ದನ್ನು ಮಾಡುವೆನೆಂದು ಹೇಳುವಾಗ ಅಲ್ಲಾಹನು ಇಚ್ಛಿಸಿದರೆ ಎಂದು ಸೇರಿಸಬೇಕೆಂದು ಪವಿತ್ರ ಕುರ್‌ಆನ್ ಅಲ್ ಕಹ್ಫ್ ಅಧ್ಯಾಯದಲ್ಲಿ (18: 23-24) ಕಲಿಸಿದೆ. ನಾಳೆಯ ದಿನ ನಮ್ಮ ಕೈಯಲ್ಲಿಲ್ಲವೆಂಬ ದಾಸನ ಒಪ್ಪಿಗೆಯದು. ನಾವಾದರೋ ಅದನ್ನು ಇಲ್ಲವೆನ್ನುವುದರ ನಯವಾದ ರೂಪವನ್ನಾಗಿ ಮಾಡಿಕೊಂಡಿದ್ದೇವೆ. ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ: ಅಬ್ಬಾ ಹೂಂ ಎಂದರೆ ಕೆಲಸ ಆಗುತ್ತದೆ, ಇನ್‌ಶಾ ಅಲ್ಲಾಹ್ ಎಂದರೆ ಆಗುವುದಿಲ್ಲ! ಅಲ್ಲಾಹನ ಹೆಸರಿನ ಕುರಿತು ಮಗು ಮನೆಯಲ್ಲಿ ಕಲಿತದ್ದು ಇದೇ ಆದರೆ, ಮುಂದೆ ಅವನಿಗೆ ತವಕ್ಕುಲ್ ಕಲಿಸುವವರು ಯಾರು?

ಅಬೂದಾವೂದ್ ಸಂಗ್ರಹದಲ್ಲಿ ಒಂದು ಹದೀಸ್ ಇದೆ. ಅಬ್ದುಲ್ಲಾ ಬಿನ್ ಆಮಿರ್(ರ) ಇನ್ನೂ ಬಾಲಕ. ಏನೋ ಕೊಡುವೆ ಬಾ ಎಂದು ತಾಯಿ ಅವರನ್ನು ಕರೆದರು. ಅಲ್ಲಿಯೇ ಕುಳಿತಿದ್ದ ಪ್ರವಾದಿವರ್ಯರು(ಸ), ಏನು ಕೊಡಬೇಕೆಂದಿದ್ದಿ ಎಂದು ವಿಚಾರಿಸಿದರು. ಖರ್ಜೂರ ಎಂದು ಆಕೆ ಹೇಳಿದಾಗ, ಏನೂ ಕೊಡದಿರುತ್ತಿದ್ದರೆ ನಿನ್ನ ಮೇಲೆ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದರು. ಒಂದು ಖರ್ಜೂರದ ಮಾತಿಗೇ ಇಷ್ಟು ತೂಕ.

ಹಾಗಾದರೆ ಹೊಳೆ ತುಂಬಿದ್ದು ತಂದೆಯ ತಪ್ಪೇ? ಅಲ್ಲ. ಹಿಜರಿ 6ರಲ್ಲಿ (ಕ್ರಿ.ಶ. 628) ಉಮ್ರಾಕ್ಕಾಗಿ ಹೊರಟ ಸುಮಾರು 1,400 ಮಂದಿ ಸಹಾಬಿಗಳನ್ನು ನೆನೆಯಿರಿ. ಇಹ್ರಾಮ್ ಧರಿಸಿ, ಬಲಿಯ ಒಂಟೆಗಳನ್ನು ಹೊಡೆದುಕೊಂಡು ಮಕ್ಕಾದ ಹೊಸ್ತಿಲಿಗೆ ಬಂದವರನ್ನು ಕುರೈಶರು ಹುದೈಬಿಯಾದಲ್ಲಿ ತಡೆದರು. ಸಂಧಿಯಾಯಿತು, ಆ ವರ್ಷ ಕಅಬಾ ನೋಡದೆ ಹಿಂದಿರುಗಬೇಕಾಯಿತು. ಕಅಬಾಕ್ಕೆ ಹೋಗುವೆವೆಂದು ನೀವು ಹೇಳಿರಲಿಲ್ಲವೇ ಎಂದು ಉಮರ್(ರ)ರಂಥವರೇ ಕೇಳಿದರು. ಹೇಳಿದ್ದೆ, ಆದರೆ ಇದೇ ವರ್ಷವೆಂದು ಹೇಳಿದ್ದೆನೇ ಎಂಬುದು ಪ್ರವಾದಿವರ್ಯರ(ಸ) ಮರುಪ್ರಶ್ನೆ. ಬಲಿ ನೀಡಿ ತಲೆ ಬೋಳಿಸಿಕೊಳ್ಳಿರೆಂದು ಮೂರು ಬಾರಿ ಹೇಳಿದರೂ ದುಃಖದಲ್ಲಿದ್ದ ಜನ ಏಳಲಿಲ್ಲ. ಆಗ ಸಲಹೆಯಿತ್ತವರು ಪತ್ನಿ ಉಮ್ಮು ಸಲಮಾ(ರ): ಯಾರೊಡನೆಯೂ ಮಾತನಾಡದೆ ಹೋಗಿ ನೀವೇ ಮೊದಲು ಮಾಡಿರಿ. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು, ಜನರೆಲ್ಲ ಎದ್ದರು. ಮರುವರ್ಷ ಆ ಉಮ್ರಾ ನೆರವೇರಿತು.

ಸಾತನೂರಿನಲ್ಲಿ ನಿಂತಿರುವ ತಂದೆ ತಾಯಿಗೆ ಬೇಕಾದುದೆಲ್ಲ ಇದರಲ್ಲಿದೆ. ನಿಜವನ್ನು ನೇರವಾಗಿ ಹೇಳಿ. ಮಗು ಅತ್ತರೆ ಅಳಲಿ. ಸಾಕಿದ ಪುಟ್ಟ ಹಕ್ಕಿ ಸತ್ತು ಸಪ್ಪಗಿದ್ದ ಬಾಲಕ ಅಬೂ ಉಮೈರ್‌ನನ್ನು ಮಾತನಾಡಿಸಿ ಆ ಹಕ್ಕಿಯ ಬಗ್ಗೆಯೇ ಕೇಳಿದವರು ನಮ್ಮ ಪ್ರವಾದಿ(ಸ). ಬಳಿಕ ಗೊಣಗುತ್ತ ಕೂರದೆ ನೀವೇ ಮೊದಲು ಏಳಿರಿ. ಮಗು ನಿಮ್ಮ ಉಪದೇಶಕ್ಕಿಂತ ಮೊದಲು ನಿಮ್ಮ ಮುಖವನ್ನು ಓದುತ್ತದೆ.

ಸಾತನೂರಿನಿಂದ ಚನ್ನಪಟ್ಟಣಕ್ಕೆ ರಸ್ತೆ ಇದೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರೆಂದು ಹೇಳಲಾಗುವ ಬಣ್ಣದ ಆಟಿಕೆಗಳ ಊರದು. ನಮ್ಮ ಎಷ್ಟೋ ಕುಟುಂಬಗಳ ಅನ್ನವೂ ಅದೇ. ಕೆಲಸ ನಡೆಯುತ್ತಿರುವ ಒಂದು ಮನೆಯಲ್ಲಿ ಅನುಮತಿ ಕೇಳಿ ಮಗನನ್ನು ಬಾಗಿಲಲ್ಲಿ ನಿಲ್ಲಿಸಿರಿ. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣ ಹತ್ತುವುದನ್ನು ಅವನು ಕಣ್ಣರಳಿಸಿ ನೋಡುವನು. ಒಂದು ಬುಗುರಿ ಕೊಡಿಸಿ, ಚೌಕಾಸಿ ಬೇಡ. 2023ರಲ್ಲಿ ಹೊಸ ಹೆದ್ದಾರಿ ಊರನ್ನು ಬಳಸಿ ಹೋದಂದಿನಿಂದ ಹಳೆಯ ರಸ್ತೆಯ ಅಂಗಡಿಗಳವರ ಲೆಕ್ಕಾಚಾರವೂ ತಲೆಕೆಳಗಾಗಿದೆ. ಝುಹ್ರ್ ನಮಾಝನ್ನು ಅಲ್ಲಿಯ ಮಸೀದಿಯಲ್ಲಿ ಮಗನೊಂದಿಗೆ ನಿರ್ವಹಿಸಿ, ಮೇಕೆದಾಟಿಗೆಂದು ಕಟ್ಟಿದ ಬುತ್ತಿಯನ್ನು ಬಿಚ್ಚಿ ಊಟ ಮಾಡಿರಿ.

ಇಷ್ಟಾದರೂ ಮೇಕೆದಾಟಿನ ಮಾತು ಬಾಕಿಯಿದೆ. ಬುಗುರಿ ಕೊಡಿಸಿದ್ದರಿಂದ ಅದು ತೀರಲಿಲ್ಲ. ಮನೆಗೆ ಬಂದೊಡನೆ, ಹೊಳೆ ಇಳಿದಿರುವ ಡಿಸೆಂಬರಿನ ಒಂದು ದಿನಕ್ಕೆ ಮಗನ ಕೈಯಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಇನ್‌ಶಾ ಅಲ್ಲಾಹ್ ಎಂದು ಇಬ್ಬರೂ ಹೇಳಿರಿ. ಆ ದಿನ ಹೊರಡುವ ಮುನ್ನ ಸಂಗಮದಲ್ಲಿ ನೀರೆಷ್ಟಿದೆಯೆಂದು ಈ ಸಲ ಮೊದಲೇ ವಿಚಾರಿಸಿಕೊಳ್ಳಿರಿ.