ಬಚ್ಚಲೊಲೆಯೂ ಶ್ರಾವಕನ ವಿವೇಕವೂ

ಧರ್ಮವಿಚಾರವೆಂದೊಡನೆ ವ್ರತ, ಉಪವಾಸ, ಪೂಜೆ, ಸ್ವಾಧ್ಯಾಯಗಳು ನೆನಪಿಗೆ ಬರುವುದು ಸಹಜ. ಆದರೆ ಗೃಹಸ್ಥನ ಅಹಿಂಸೆ ದಿನದಿನವೂ ಪರೀಕ್ಷೆಗೆ ಒಳಗಾಗುವುದು ಅಡುಗೆಮನೆಯಲ್ಲಿ, ಬಚ್ಚಲುಮನೆಯಲ್ಲಿ. ನೀರು, ಬೆಂಕಿ, ಸೌದೆ ಈ ಮೂರೂ ಒಂದೆಡೆ ಕೂಡುವ ಸ್ಥಳ ಬಚ್ಚಲೊಲೆ. ಮಲೆನಾಡು ಮತ್ತು ಕರಾವಳಿಯ ಹಳೆಯ ಜೈನ ಮನೆಗಳಲ್ಲಿ ಒಲೆಯ ಮೇಲೆ ಕಟ್ಟಿ ಕೂರಿಸಿದ ತಾಮ್ರದ ಹಂಡೆಯನ್ನು ಇಂದಿಗೂ ಕಾಣಬಹುದು.

ಹಂಡೆಯ ತಳ ಸವೆದು ನೀರು ಜಿನುಗತೊಡಗಿದಾಗ, ಒಲೆಯ ಗೋಡೆ ಬಿರುಕುಬಿಟ್ಟು ಹೊಗೆ ಒಳಗೆ ತುಂಬತೊಡಗಿದಾಗ ಮನೆಯವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಇದನ್ನೇ ದುರಸ್ತಿ ಮಾಡಿಸಬೇಕೆ, ಅಥವಾ ತೆಗೆದುಹಾಕಿ ಗೀಸರನ್ನು ತರಬೇಕೆ? ‘ಈ ಹೊಗೆ ಇನ್ನು ಸಾಕು’ ಎಂದು ಮಗ ಹೇಳುತ್ತಾನೆ. ‘ಅಜ್ಜನ ಕಾಲದ ಹಂಡೆ, ಇನ್ನೂ ಎರಡು ತಲೆಮಾರು ಬಾಳುತ್ತದೆ’ ಎಂದು ತಂದೆ ಹೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಆ ಬಿಸಿನೀರಿನ ಬೆಲೆಯನ್ನು ಯಾವ ಯಾವ ಜೀವಗಳು ತೆರುತ್ತಿವೆ ಎಂಬುದನ್ನು ಇಬ್ಬರೂ ಕೇಳುವುದಿಲ್ಲ. ಒಲೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುವ ತಾಯಿಯನ್ನಂತೂ ಯಾರೂ ಕೇಳುವುದಿಲ್ಲ.

ದುರಸ್ತಿಯ ಪಕ್ಷವನ್ನು ಮೊದಲು ನೋಡಬೇಕು. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಎಂಬ ಐದು ಸ್ಥಾವರಕಾಯಗಳಲ್ಲಿ ಜೀವವಿದೆಯೆಂಬುದು ಜಿನಶಾಸನ. ಹೊಸ ಯಂತ್ರಕ್ಕೆ ಬೇಕಾದ ಲೋಹವನ್ನು ನೆಲ ಅಗೆದು ತೆಗೆಯಬೇಕು, ಕುಲುಮೆಯಲ್ಲಿ ಕರಗಿಸಬೇಕು. ಹಂಡೆಯ ತಾಮ್ರಕ್ಕಾಗಿ ಆ ಆರಂಭವೆಲ್ಲ ಎಂದೋ ನಡೆದುಹೋಗಿದೆ. ಅದಕ್ಕೊಂದು ತೇಪೆ ಹಾಕಿಸುವವನು ಹೊಸ ಆರಂಭಕ್ಕೆ ಕಾರಣನಾಗುವುದು ಅತ್ಯಲ್ಪ. ಜೀರ್ಣೋದ್ಧಾರವನ್ನು ಪುಣ್ಯಕಾರ್ಯವೆಂದು ಎಣಿಸಿದ ಪರಂಪರೆ ಜೈನರದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದುದನ್ನು ಶ್ರವಣಬೆಳಗೊಳದ 12ನೆಯ ಶತಮಾನದ ಶಾಸನಗಳು ಕೊಂಡಾಡುತ್ತವೆ.

ಇಷ್ಟರಿಂದಲೇ ದುರಸ್ತಿಯೇ ಧರ್ಮವೆಂದು ನಿರ್ಣಯಿಸಿದರೆ ಅದು ಏಕಾಂತವಾದೀತು. ಸೌದೆಯಲ್ಲಿ ಗೆದ್ದಲು, ಇರುವೆ, ಕೊರೆಹುಳುಗಳು ಮನೆಮಾಡಿಕೊಂಡಿರುತ್ತವೆ. ಮಳೆಗಾಲದಲ್ಲಿ, ಅದರಲ್ಲಿಯೂ ಚಾತುರ್ಮಾಸದ ದಿನಗಳಲ್ಲಿ, ಅವುಗಳ ಸಂಖ್ಯೆ ಹೆಚ್ಚು. ಅವು ತ್ರಸಜೀವಗಳು. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಅಹಿಂಸಾವ್ರತದ ಭಾವನೆಗಳಲ್ಲೊಂದು. ಸೌದೆಯನ್ನು ಕೊಡವದೆ, ನೋಡದೆ ಒಲೆಗೆ ತುರುಕುವ ಮನೆಯಲ್ಲಿ ಪುರಾತನ ಹಂಡೆಯ ಅಭಿಮಾನಕ್ಕೆ ಅರ್ಥವಿಲ್ಲ. ಹೊಗೆಯಿಂದ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಆಗುವ ಕೇಡು ವೈದ್ಯರೆಲ್ಲರೂ ಒಪ್ಪಿದ ಸಂಗತಿ. ತಿಳಿದೂ ಅದನ್ನು ಮುಂದುವರಿಸಿದರೆ ಅದು ಪ್ರಮಾದವೇ ಸರಿ.

ಹಾಗಾದರೆ ಗೀಸರು ಅಹಿಂಸಕವೇ? ಗುಂಡಿ ಒತ್ತಿದರೆ ನೀರು ಕಾಯುತ್ತದೆ, ಹೊಗೆಯಿಲ್ಲ, ಹುಳುವಿಲ್ಲ. ಆದರೆ ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯನ್ನು ಮೂರು ಬಗೆಯಲ್ಲಿ ಎಣಿಸುವ ಧರ್ಮದಲ್ಲಿ ಕಣ್ಣಿಗೆ ಕಾಣದ್ದು ಇಲ್ಲವೆಂದು ಹೇಳಲಾಗದು. ಮನೆಯಲ್ಲಿ ಆರಿದ ಬೆಂಕಿ ರಾಯಚೂರಿನ ಶಕ್ತಿನಗರದಲ್ಲಿಯೋ ಬಳ್ಳಾರಿಯ ಕುಡತಿನಿಯಲ್ಲಿಯೋ ಉರಿಯುತ್ತಿರಬಹುದು. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಕಾಯಿಸಲು ಅರ್ಧ ಯೂನಿಟ್‌ಗೆ ತುಸು ಕಡಿಮೆ ವಿದ್ಯುತ್ತು ಬೇಕು. ಐದು ಜನರ ಸ್ನಾನಕ್ಕೆ ಸುಮಾರು 2.3 ಯೂನಿಟ್. ಅಷ್ಟೂ ಕಲ್ಲಿದ್ದಲಿನಿಂದ ಬಂದರೆ ದಿನಕ್ಕೆ ಒಂದೂವರೆ ಕಿಲೋದಷ್ಟು ಕಲ್ಲಿದ್ದಲು ಉರಿಯಬೇಕಾಗುತ್ತದೆ. ಅದೇ ನೀರಿಗೆ ಸೌದೆಯೊಲೆಯಲ್ಲಿ, ಉರಿಯ ಐದರಲ್ಲೊಂದು ಪಾಲು ಹಂಡೆಗೆ ತಲುಪುತ್ತದೆಂದು ಭಾವಿಸಿದರೂ, 3 ಕಿಲೋದಷ್ಟು ಒಣಸೌದೆ ಬೇಕು. ತೋಟದಲ್ಲಿ ತಾನಾಗಿ ಬಿದ್ದ ತೆಂಗಿನ ಗರಿ, ಅಡಕೆಯ ಸೋಗೆ, ಚಿಪ್ಪುಗಳಿಂದ ನಡೆಯುವ ಒಲೆಯೇ ಬೇರೆ. ಹಸಿಮರ ಕಡಿದು ನಡೆಸುವ ಒಲೆಯೇ ಬೇರೆ. ಎರಡಕ್ಕೂ ಒಂದೇ ತೀರ್ಪು ಸಲ್ಲದು.

ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಸೌರಸಾಧನದಲ್ಲಿ ನಿತ್ಯದ ದಹನವಿಲ್ಲವೆಂಬುದು ದೊಡ್ಡ ಗುಣ. ಬಯಲುಸೀಮೆಯಲ್ಲಿ ಅದು ವರ್ಷದ ಬಹುಭಾಗ ಕೆಲಸಕ್ಕೆ ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದಿರುವ ಮಲೆನಾಡಿನಲ್ಲಿ ಅದರ ಜೊತೆಗೆ ಬೇರೊಂದು ವ್ಯವಸ್ಥೆ ಅನಿವಾರ್ಯ. ಗ್ಯಾಸ್ ಗೀಸರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಗಾಳಿಯಾಡದ ಬಚ್ಚಲಿನೊಳಗೆ ಅದನ್ನಿಟ್ಟರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿ ಪ್ರಾಣವೇ ಹೋಗಬಹುದು. ಕಿಟಕಿ ಮುಚ್ಚಿದ ಕೋಣೆಯ ಕೆಂಡಕ್ಕೂ ಈ ಮಾತು ಸಲ್ಲುತ್ತದೆ.

ಹೀಗಿರುವಲ್ಲಿ ನಿರ್ಣಯ ಹೇಗೆ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅನರ್ಥದಂಡ ವಿರತಿಯ ಅತಿಚಾರಗಳಲ್ಲಿ ‘ಅಸಮೀಕ್ಷ್ಯಾಧಿಕರಣ’ವನ್ನು ಹೇಳುತ್ತದೆ. ಪ್ರಯೋಜನವನ್ನು ವಿಚಾರಿಸದೆ ಅಗತ್ಯ ಮೀರಿ ಕಾರ್ಯಕ್ಕೆ ತೊಡಗುವುದೆಂದು ಅದರ ತಾತ್ಪರ್ಯ. ನೆರೆಮನೆಯವರು ತಂದರೆಂದು ತರುವುದು ಹೇಗೆ ವಿಚಾರವಿಲ್ಲದ ನಡೆಯೋ, ಅಜ್ಜನದೆಂದು ಉಳಿಸಿಕೊಳ್ಳುವುದೂ ಹಾಗೆಯೇ. ಮೊದಲನೆಯದು ಹೊಸದರ ಮೋಹ, ಎರಡನೆಯದು ಹಳೆಯದರ ಮೋಹ. ಪರಿಗ್ರಹಬುದ್ಧಿ ಎರಡರಲ್ಲಿಯೂ ಸಮಾನ.

ಆದುದರಿಂದ ದೋಷವೆಲ್ಲಿದೆಯೆಂಬುದನ್ನು ಶ್ರಾವಕನು ಮೊದಲು ಗುರುತಿಸಬೇಕು. ದೋಷ ಕೇವಲ ವಸ್ತುವಿನ ಸವಕಳಿಯಲ್ಲಿದ್ದರೆ, ಅಂದರೆ ತಳ ತೂತಾಗಿದ್ದರೆ, ಗೋಡೆ ಬಿರಿದಿದ್ದರೆ, ದುರಸ್ತಿಯೇ ಯೋಗ್ಯ. ದೋಷ ಅದರ ನಿತ್ಯದ ನಡೆಯಲ್ಲಿಯೇ ಇದ್ದರೆ ಮೊದಲು ಆ ನಡೆಯನ್ನು ತಿದ್ದಲು ಸಾಧ್ಯವೇ ಎಂದು ನೋಡಬೇಕು. ಹೊಗೆಕೊಳವೆ, ಕಬ್ಬಿಣದ ಜಾಲರಿ, ಹಂಡೆಗೊಂದು ಬಿಗಿಯಾದ ಮುಚ್ಚಳ, ನೆಲದಿಂದ ಎತ್ತರದಲ್ಲಿ ಸೌದೆಯಿಡುವ ಒಣ ಅಟ್ಟಣೆ, ಇಷ್ಟರಿಂದಲೇ ಹೊಗೆ ಮತ್ತು ಸೌದೆ ಕಡಿಮೆಯಾಗುತ್ತವೆ, ಹುಳುಗಳೂ ವಿರಳವಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ರೂಪಿಸಿದ ಅಡುಗೆಯ ಒಲೆ, ಕಡಿಮೆ ಸೌದೆಯಲ್ಲಿ ಕಡಿಮೆ ಹೊಗೆಯಿಂದ ಒಲೆ ಉರಿಯಬಲ್ಲದೆಂಬುದನ್ನು ತೋರಿಸಿಕೊಟ್ಟಿತು. ತಿದ್ದಿದರೂ ಕೇಡು ನಿಲ್ಲದಿದ್ದರೆ, ಕೊಳ್ಳುವ ಸೌದೆ ಹಸಿಮರದ್ದೇ ಆಗಿದ್ದರೆ, ಒಲೆ ಹೊತ್ತಿಸುವವರ ಉಸಿರು ಕಟ್ಟುತ್ತಿದ್ದರೆ, ಬದಲಾಯಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಆ ಮಾತಿನಲ್ಲಿ ಒಲೆಯ ಮುಂದೆ ಕೂರುವವರ ಅಭಿಪ್ರಾಯಕ್ಕೆ ಅಗ್ರಸ್ಥಾನವಿರಬೇಕು.

ಬದಲಾಯಿಸಿದ ಮೇಲೆ ಎರಡು ಕರ್ತವ್ಯಗಳು ಉಳಿಯುತ್ತವೆ. ಹಳೆಯ ಹಂಡೆಯನ್ನು ಅಟ್ಟಕ್ಕೇರಿಸಿ ಪರಿಗ್ರಹವನ್ನು ಇಮ್ಮಡಿಗೊಳಿಸದೆ, ಬೇಕಾದವರಿಗೆ ಕೊಡಬೇಕು ಇಲ್ಲವೇ ಲೋಹವಾಗಿ ಮರುಬಳಕೆಗೆ ಸಲ್ಲಿಸಬೇಕು. ಬಿಸಿನೀರು ಸುಲಭವಾಯಿತೆಂದು ಒಂದು ಬಕೆಟಿನಲ್ಲಿ ಮುಗಿಯುತ್ತಿದ್ದ ಸ್ನಾನಕ್ಕೆ ಮೂರು ಬಕೆಟ್ ಬಳಸಕೂಡದು. ಬಳಕೆ ಮೂರು ಪಟ್ಟಾದರೆ ಯಾವ ಉತ್ತಮ ಯಂತ್ರವೂ ಹಿಂಸೆಯನ್ನು ಕಡಿಮೆ ಮಾಡಲಾರದು. ಭೋಗೋಪಭೋಗ ಪರಿಮಾಣವ್ರತ ಬಚ್ಚಲಿನ ಬಾಗಿಲಲ್ಲಿ ನಿಲ್ಲುವುದಿಲ್ಲ.

ಬಸದಿಗಳ ಆಡಳಿತ ಸಮಿತಿಗಳಿಗೂ ಈ ವಿಚಾರ ಸಲ್ಲುತ್ತದೆ. ಅತಿಥಿಗೃಹಕ್ಕೆ, ತ್ಯಾಗಿನಿವಾಸಕ್ಕೆ ಹೊಸ ಯಂತ್ರವನ್ನು ದಾನಮಾಡಿ ಹೆಸರಿನ ಫಲಕ ಹಾಕಿಸಲು ದಾನಿಗಳು ಮುಂದೆ ಬರುತ್ತಾರೆ. ಇದ್ದುದನ್ನು ದುರಸ್ತಿ ಮಾಡಿಸುವ ಖರ್ಚಿಗೆ ಫಲಕವಿಲ್ಲ, ಆದ್ದರಿಂದ ದಾನಿಗಳೂ ವಿರಳ. ಹೀಗಾಗಿ ಸಣ್ಣ ತೇಪೆಯಿಂದ ಸರಿಹೋಗುವ ವಸ್ತುಗಳು ಉಗ್ರಾಣದ ಮೂಲೆ ಸೇರುತ್ತವೆ. ವರ್ಷದ ಆಯವ್ಯಯದಲ್ಲಿ ದುರಸ್ತಿಗೆಂದೇ ಒಂದು ನಿಧಿಯನ್ನು ತೆಗೆದಿರಿಸಿ, ಅದಕ್ಕೆ ಕೊಟ್ಟ ದಾನವನ್ನೂ ಸಭೆಯಲ್ಲಿ ಸ್ಮರಿಸುವ ಪದ್ಧತಿ ಬಂದರೆ ಅದು ಜೀರ್ಣೋದ್ಧಾರ ಪರಂಪರೆಗೆ ಸಲ್ಲುವ ಗೌರವ.

ಗೃಹಸ್ಥನಿಗೆ ಆರಂಭಿ ಹಿಂಸೆಯಿಂದ ಪೂರ್ಣ ಬಿಡುಗಡೆಯಿಲ್ಲ. ಯಾವ ಒಲೆಯನ್ನು ಆರಿಸಿಕೊಂಡರೂ ಎಲ್ಲಿಯೋ ಒಂದು ಜೀವಕ್ಕೆ ತಾಪ ತಪ್ಪದು. ಆ ತಾಪವನ್ನು ಅಳೆದು, ಆದಷ್ಟು ಇಳಿಸಿ, ಉಳಿದುದನ್ನು ಮರೆಯದೆ ನಡೆಯುವುದು ಅವನಿಗೆ ಸಾಧ್ಯವಿರುವ ಅಹಿಂಸೆ.