ಕ್ಷಮಾಪಣೆ ಪತ್ರ ಯಾರಿಗೆ ಬೇಕು?

ವಿದ್ವಾಂಸನೊಬ್ಬ ತಾನು ಬರೆದುದನ್ನು ಹಿಂದಕ್ಕೆ ಪಡೆದುಕೊಂಡ ಮಾತ್ರಕ್ಕೆ ನಡೆದುಹೋದ ಸಂಗತಿ ಬದಲಾಗುತ್ತದೆಯೇ? ಇಲ್ಲವೆಂದು ಒತ್ತಾಯಿಸುವವರಿಗೂ ಗೊತ್ತು. ಆದರೂ ಅವರು ಕೇಳುವುದು ಪುರಾವೆಯನ್ನಲ್ಲ, ಕ್ಷಮಾಪಣೆಯ ಪತ್ರವನ್ನು.

ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟದಲ್ಲಿ ಚೆನ್ನಬಸವಣ್ಣನ ಹುಟ್ಟು ಮತ್ತು ಬಸವಣ್ಣನವರ ಪತ್ನಿ ನೀಲಾಂಬಿಕೆಯ ಬದುಕಿನ ಬಗ್ಗೆ ಬರೆದ ಲೇಖನಗಳಿದ್ದವು. 1989ರಲ್ಲಿ ಅವುಗಳ ವಿರುದ್ಧ ಗಲಭೆಯೆದ್ದಿತು. ಪ್ರಾಧ್ಯಾಪಕರು ಧಾರ್ಮಿಕ ಮುಖಂಡರ ಮುಂದೆ ನಿಂತು ಆ ಬರಹವನ್ನು ವಾಪಸು ಪಡೆಯಬೇಕಾಯಿತು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅಂದೇ ನನ್ನ ಬೌದ್ಧಿಕ ಆತ್ಮಹತ್ಯೆ ನಡೆಯಿತು ಎಂಬರ್ಥದ ಮಾತನ್ನು ಅವರು ಮುಂದೆ ಹೇಳಿಕೊಂಡರು. ಅದೇ ಹೆಸರಿನ ಮಾಲೆಯ ‘ಮಾರ್ಗ-4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಕೊಲೆಯನ್ನೂ 1989ರ ವಿವಾದವನ್ನೂ ಗಂಟು ಹಾಕುವುದು ಸರಿಯಲ್ಲ, ಅವು ಬೇರೆ ಬೇರೆ. ನಮ್ಮನ್ನು ಹೆಚ್ಚು ಕಾಡುವುದು ಆ ಮೊದಲಿನ ಘಟನೆ. ಏಕೆಂದರೆ ಅದರಲ್ಲಿ ಬಂದೂಕಿರಲಿಲ್ಲ, ಭಕ್ತರಿದ್ದರು.

ನಮ್ಮಂಥ ಕಥೆಗಾರರಿಗೆ ಒಂದು ಸೌಕರ್ಯವಿದೆ. ಜನ ಸಿಟ್ಟಾದರೆ ಇದೆಲ್ಲ ಕಲ್ಪನೆ ಎಂದುಬಿಡಬಹುದು (ಅದೂ ಎಲ್ಲ ಸಲ ನಡೆಯುವುದಿಲ್ಲ ಎನ್ನಿ). ಸಂಶೋಧಕನಿಗೆ ಆ ಹಿಂಬಾಗಿಲೂ ಇಲ್ಲ.

ಹೊರದೇಶದ ಒಂದು ಪ್ರಕರಣ ನೋಡಿ. ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಲ್ಲಲಾಯಿತು. ಆಗ ಪೋಲೆಂಡಿನ ಹಳ್ಳಿಗಳಲ್ಲಿ ನೆರೆಹೊರೆಯವರು ಹೇಗೆ ನಡೆದುಕೊಂಡರೆಂದು ಬಾರ್ಬರಾ ಎಂಗೆಲ್ಕಿಂಗ್ ಮತ್ತು ಯಾನ್ ಗ್ರಬೋವ್ಸ್ಕಿ ಸಂಪಾದಿಸಿದ ಎರಡು ಸಂಪುಟಗಳು 2018ರಲ್ಲಿ ಬಂದವು. ಹಳ್ಳಿಯೊಂದರ ಮುಖಂಡನ ಬಗ್ಗೆ ಬರೆದ ಕೆಲವು ಸಾಲುಗಳಿಗಾಗಿ, ದೇಶದ ಹೆಸರು ಕಾಯುವ ಸಂಘಟನೆಯೊಂದರ ಬೆಂಬಲದಿಂದ ಅವನ ಸಂಬಂಧಿ ದಾವೆ ಹೂಡಿದರು. ಇಬ್ಬರೂ ಕ್ಷಮೆ ಕೇಳಬೇಕೆಂದು 2021ರ ಫೆಬ್ರವರಿಯಲ್ಲಿ ವಾರ್ಸಾದ ನ್ಯಾಯಾಲಯ ತೀರ್ಪಿತ್ತಿತು. ಅದೇ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಅಲ್ಲೂ ಮೊದಲು ಕೇಳಿದ್ದು ಕ್ಷಮಾಪಣೆಯನ್ನೇ.

ಇಲ್ಲಿ ನಮ್ಮ ಕೌಮಿಗೆ ಒಂದು ಕಹಿ ಮಾತು ಹೇಳಬೇಕು. ಫೆಲೆಸ್ತೀನಿನ ಮೇಲಿನ ಕಳಕಳಿಯಿಂದ ನಮ್ಮಲ್ಲಿ ಕೆಲವರು ಆ 60 ಲಕ್ಷ ಸಾವುಗಳೇ ಸುಳ್ಳು ಎನ್ನುತ್ತಾರೆ. 2006ರಲ್ಲಿ ತೆಹರಾನಿನಲ್ಲಿ ಇಂಥವರನ್ನು ಕರೆದು ಸಮ್ಮೇಳನವನ್ನೇ ನಡೆಸಲಾಯಿತು, ಅದನ್ನು ಸಂಶೋಧನೆ ಎಂದೂ ಕರೆಯಲಾಯಿತು. ದಾಖಲೆಗಳನ್ನು ಬದಿಗೊತ್ತಿ ತನಗೆ ಬೇಕಾದ ತೀರ್ಮಾನದಿಂದ ಹೊರಡುವುದು ಸಂಶೋಧನೆಯಲ್ಲ. ಸತ್ತ ಯಹೂದಿಯನ್ನು ಅಲ್ಲಗಳೆದರೆ ಗಾಝಾದ ಒಂದು ಮಗುವಿಗೂ ನ್ಯಾಯ ಸಿಗುವುದಿಲ್ಲ. ಹದೀಸ್ ವಿದ್ವಾಂಸ ಅಲೀ ಇಬ್ನುಲ್ ಮದೀನಿ, ವರದಿಗಾರರ ವಿಶ್ವಾಸಾರ್ಹತೆಯನ್ನು ತೂಗುವಾಗ, ಸ್ವಂತ ತಂದೆಯನ್ನೇ ದುರ್ಬಲ ಎಂದು ಗುರುತಿಸಿದರು. ಆ ಪರಂಪರೆಯ ವಾರಸುದಾರರು ನಾವು ಎನ್ನುತ್ತೇವಲ್ಲ!

ನಮ್ಮ ಊರಿಗೇ ಬರೋಣ. 2022ರ ಆಗಸ್ಟ್ 15ರಂದು ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಫ್ಲೆಕ್ಸ್‌ಗೆ ಪ್ರತಿಯಾಗಿ ಟಿಪ್ಪು ಫ್ಲೆಕ್ಸ್ ಎಂದು ಜಗಳವಾಯಿತು, ಯುವಕನೊಬ್ಬನಿಗೆ ಚೂರಿ ಇರಿತವಾಯಿತು. ನಿಷೇಧಾಜ್ಞೆ ಬಂತು. ಮರುದಿನ ಶಿವಮೊಗ್ಗ, ಭದ್ರಾವತಿಗಳ ಶಾಲಾ ಕಾಲೇಜುಗಳಿಗೆ ರಜೆ ಕೊಡಲಾಯಿತು. ಚರಿತ್ರೆಯ ಹೆಸರಲ್ಲಿ ಹೊಡೆದಾಡಿ, ಚರಿತ್ರೆ ಕಲಿಸುವ ಕೋಣೆಗೆ ಬೀಗ ಹಾಕಿದೆವು.

ಶೃಂಗೇರಿ ಇಲ್ಲಿಂದ ದೂರವೇನಿಲ್ಲ. 1791ರಲ್ಲಿ ಮರಾಠಾ ಸೈನ್ಯದ ಜೊತೆ ಬಂದವರು ಮಠವನ್ನು ಲೂಟಿ ಮಾಡಿದಾಗ ನೆರವು ಕಳಿಸಿದವನು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಇದನ್ನು ನಾವು ಸಭೆ ಸಭೆಯಲ್ಲಿ ಹೇಳುತ್ತೇವೆ. ಟಿಪ್ಪುವಿನ ತಂದೆ ಹೈದರ್ 1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದು ಸೂರೆ ಮಾಡಿದ್ದೂ ಇದೇ ಜಿಲ್ಲೆಯಲ್ಲಿ. ಅದನ್ನು ಯಾರಾದರೂ ವಿವರವಾಗಿ ಬರೆದರೆ ನಮ್ಮವರ ಮುಖ ಹೇಗಾಗುತ್ತದೆ? 2010ರ ಮಾರ್ಚ್ 1ರಂದು, ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಕನ್ನಡ ಪತ್ರಿಕೆಯೊಂದರಲ್ಲಿ ಬಂದ ಬುರ್ಖಾ ಕುರಿತ ಲೇಖನದ ವಿರುದ್ಧ ಇದೇ ಶಿವಮೊಗ್ಗದಲ್ಲಿ ಹಿಂಸೆ ಭುಗಿಲೆದ್ದಿತು, ಇಬ್ಬರು ಸತ್ತರು. ಆ ಲೇಖನ ಸರಿಯಿತ್ತೋ ಇಲ್ಲವೋ, ಉತ್ತರ ಬರೆಯಲು ನಮ್ಮಲ್ಲಿ ಲೇಖನಿಗಳಿದ್ದವು.

ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿದೆ. ನಮ್ಮ ಮೊಹಲ್ಲಾದ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿ ‘ಬಿದನೂರಿನ ಪತನ’ ಎಂದು ವಿಷಯ ಆರಿಸಿಕೊಂಡಳು ಎನ್ನಿ. ಇಂಥದ್ದೆಲ್ಲ ನಿನಗೇಕಮ್ಮಾ ಎಂದು ಮೊದಲು ಕೇಳುವವರು ಮಾರ್ಗದರ್ಶಕರೋ, ಮನೆಯ ಅಬ್ಬಾನೋ, ಮಸೀದಿ ಕಮಿಟಿಯೋ? ಇನ್ನೊಂದು ಓಣಿಯ ಹುಡುಗ ಶೃಂಗೇರಿಯ ಲೂಟಿಯನ್ನು ಆರಿಸಿಕೊಂಡರೆ ಅವನಿಗೂ ಇಂಥದೇ ಪ್ರಶ್ನೆ ಕಾದಿರುತ್ತದೆ, ಕೇಳುವವರು ಮಾತ್ರ ಬೇರೆ. ಇಬ್ಬರೂ ಹೋಗಿ ಕೂರಬೇಕಾದದ್ದು ಅದೇ ಗ್ರಂಥಾಲಯದಲ್ಲಿ.