ಕ್ರೋಧವೂ ಸ್ಮೃತಿಯೂ

ಸಂಸ್ಕೃತದಲ್ಲಿ 'ಸ್ಮೃತಿ' ಎಂಬ ಶಬ್ದಕ್ಕೆ ಮುಖ್ಯವಾಗಿ ಮೂರು ಅರ್ಥಗಳುಂಟು. ಮನು, ಯಾಜ್ಞವಲ್ಕ್ಯ ಮೊದಲಾದವರ ಧರ್ಮಶಾಸ್ತ್ರವು ಒಂದು ಸ್ಮೃತಿ. ಹಿಂದೆ ಅನುಭವಿಸಿದ್ದನ್ನು ಕೈಬಿಡದೆ ಹಿಡಿದುಕೊಂಡಿರುವ ಚಿತ್ತವೃತ್ತಿಯು ಎರಡನೆಯ ಸ್ಮೃತಿ. ಈ ಕ್ಷಣದಲ್ಲಿ ನನ್ನ ಮೈಯಲ್ಲಿಯೂ ಮನಸ್ಸಿನಲ್ಲಿಯೂ ಏನು ನಡೆದಿದೆಯೆಂಬದನ್ನು ಕಣ್ತಪ್ಪದಂತೆ ಕಾಣುವ ಎಚ್ಚರವು ಮೂರನೆಯದು. ಪಾಲಿಯಲ್ಲಿ ಇದನ್ನೇ 'ಸತಿ' ಎನ್ನುವರು. ಮೊದಲಿನ ಎರಡನ್ನು ನಾನು ಬಾಲ್ಯದಲ್ಲಿ ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಕಲಿತೆನು. ಮೂರನೆಯದನ್ನು ಕಲಿಯುವಷ್ಟರಲ್ಲಿ ತಲೆ ನರೆತಿದ್ದಿತು. ಈ ಮೂರು ಸ್ಮೃತಿಗಳು ನನ್ನ ಮನೆಯ ಒಂದು ಜಗಳದಲ್ಲಿ ಹೇಗೆ ಒಂದನ್ನೊಂದು ಎದುರುಗೊಂಡವೆಂಬದನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ. ಮನೆಯ ಮಾತನ್ನು ಪತ್ರಿಕೆಯಲ್ಲಿ ಬರೆಯುವದು ಉಚಿತವೇ ಎಂದು ಬಹಳ ದಿನ ಯೋಚಿಸಿದೆನು. ಆದರೆ ಇಂಥ ಜಗಳವಿಲ್ಲದ ಮನೆಗಳು ನಮ್ಮ ಪ್ರಾಂತದಲ್ಲಿ ಎಷ್ಟಿರಬಹುದು? ಆದುದರಿಂದ ಸಂಕೋಚವನ್ನು ಬಿಟ್ಟು ಬರೆಯುತ್ತೇನೆ.

ನಮ್ಮದು ಬಸವಕಲ್ಯಾಣದ ಹತ್ತಿರದ ಒಂದು ಹಳ್ಳಿ. ತಂದೆಯವರು ತೀರಿಕೊಂಡ ಬಳಿಕ ನಾನೂ ನನ್ನ ತಮ್ಮನೂ ಹೊಲವನ್ನು ಹಂಚಿಕೊಂಡೆವು. ಬಾವಿಯು ನನ್ನ ಪಾಲಿಗೆ ಬಂದಿತು. ವಾರದಲ್ಲಿ ಮೂರು ದಿನ ನೀರಿನ ಪಾಳಿ ತಮ್ಮನದೆಂದು ಬಾಯಿಮಾತಿನಲ್ಲಿ ಗೊತ್ತಾಯಿತು, ಕಾಗದದಲ್ಲಿ ಬರೆಯಿಸಲಿಲ್ಲ. ಅಣ್ಣತಮ್ಮಂದಿರ ನಡುವೆ ಕಾಗದವೇಕೆಂಬದು ಆಗಿನ ಭಾವನೆ. ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಮೋಟರಿನ ರಿಪೇರಿಯ ಖರ್ಚಿಗಾಗಿ ಮಾತಿಗೆ ಮಾತು ಬೆಳೆಯಿತು. ತಮ್ಮನು ಊರ ಕಟ್ಟೆಯ ಮೇಲೆ ನಾಲ್ಕು ಜನರೆದುರಿಗೆ, "ಊರ ಮಕ್ಕಳಿಗೆ ಬುದ್ಧಿ ಹೇಳಾಂವ, ಒಡಹುಟ್ಟಿದವನ ರೊಕ್ಕ ನುಂಗಾಂವ" ಎಂದುಬಿಟ್ಟನು. ಮರುದಿನವೇ ನಾನು ಮೋಟರಿನ ಮನೆಗೆ ಬೀಗ ಹಾಕಿಸಿದೆನು. ಪಹಣಿಯಲ್ಲಿ ಬಾವಿ ನನ್ನ ಹೆಸರಿಗಿದೆ, ನೀರು ಬೇಕಾದರೆ ಕಾಗದ ತೋರಿಸಲಿ ಎಂದು ಹೇಳಿಕಳುಹಿದೆನು. ಆ ವರ್ಷ ಅವನ ಕಬ್ಬು ಒಣಗಿಹೋಯಿತು. ಅಂದಿನಿಂದ ಒಂಬತ್ತು ವರ್ಷ ನಾವಿಬ್ಬರೂ ಮಾತಾಡಲಿಲ್ಲ.

ಈ ಜಗಳವು ಕಲ್ಯಾಣದ ನೆರೆಯಲ್ಲಿಯೇ ನಡೆದುದು ನನಗೆ ಆಗಾಗ ಸೋಜಿಗವೆನಿಸುವದು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದುದು ಈ ಪಟ್ಟಣದಲ್ಲಿಯೇ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಆಳುತ್ತಿದ್ದಾಗ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವದೆಂಬ ಅವನ ಸಿದ್ಧಾಂತವು ಬಂಗಾಲವನ್ನು ಬಿಟ್ಟು ಭರತಖಂಡದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಪಾಲುಪಟ್ಟಿಯನ್ನು ಶತಮಾನಗಳವರೆಗೆ ನಿರ್ಣಯಿಸಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ, ಹೆಣ್ಣುಮಕ್ಕಳಿಗೆ ಸಮಾನ ಹಕ್ಕನ್ನು ಕೊಟ್ಟ ೨೦೦೫ರ ತಿದ್ದುಪಡಿಯೂ ಅದನ್ನು ಬಹಳ ಮಾರ್ಪಡಿಸಿದರೂ ತಳಹದಿಯ ಕಲ್ಲು ಇನ್ನೂ ಅಲ್ಲಿಯೇ ಇದೆ. ಇಂಥ ಶಾಸ್ತ್ರವು ಹೊಲವನ್ನು ಹಂಚಬಲ್ಲದು. ಹೊಲವನ್ನು ಹಂಚಿಕೊಂಡವರ ಮನಸ್ಸಿನಲ್ಲಿ ಉಳಿದ ಸಿಟ್ಟನ್ನು ಏನು ಮಾಡಬೇಕೆಂಬದು ಅದರ ವಿಷಯವಲ್ಲ. ನನ್ನ ಕೈಯಲ್ಲಿ ಮೊದಲನೆಯ ಸ್ಮೃತಿಯಿದ್ದಿತು. ಅದು ನನ್ನ ಪಕ್ಷವನ್ನೇ ಹಿಡಿದಿದ್ದಿತು. ಆದರೂ ನನಗೆ ನಿದ್ರೆ ಬರುತ್ತಿರಲಿಲ್ಲ.

ನಿದ್ರೆಯನ್ನು ಕೆಡಿಸಿದುದು ಎರಡನೆಯ ಸ್ಮೃತಿ. ಆಗ ನಾನು ಹುಮನಾಬಾದದಲ್ಲಿ ಶಿಕ್ಷಕನಾಗಿದ್ದು ದಿನಾಲು ಬಸ್ಸಿನಲ್ಲಿ ಹೋಗಿಬರುತ್ತಿದ್ದೆನು. ಕಿಟಕಿಯ ಹತ್ತಿರ ಕುಳಿತೆನೆಂದರೆ ಕಟ್ಟೆಯ ಮೇಲಿನ ಆ ಮಾತು ಕಿವಿಯಲ್ಲಿ ಮೊಳಗುವದು. ಅದಕ್ಕೆ ನಾನು ಅಂದು ಕೊಡದ ಉತ್ತರವನ್ನು ಇಂದು ಕೊಡುವೆನು. ಅವನು ಮತ್ತೊಂದು ಮಾತಾಡುವನು. ನಾನು ಅದಕ್ಕೂ ಉತ್ತರ ಹೇಳುವೆನು. ಹುಮನಾಬಾದ ಬರುವಷ್ಟರಲ್ಲಿ ಗೆದ್ದಿರುತ್ತಿದ್ದೆನು. ಸಂಜೆ ತಿರುಗಿ ಬರುವಾಗ ಮೊದಲಿನಿಂದ ಪ್ರಾರಂಭ. ಗುರುವಾರ ಮಾಣಿಕನಗರಕ್ಕೆ ಹೋಗಿ ಮಾಣಿಕಪ್ರಭುಗಳ ಸಮಾಧಿಗೆ ಕೈ ಜೋಡಿಸಿ ನಿಂತಾಗಲೂ ಒಳಗೆ ಇದೇ ವಾದ. ವರ್ಗದಲ್ಲಿ ಕೋಪವನ್ನು ಕುರಿತ ಬಸವಣ್ಣನವರ ವಚನವನ್ನು ಎಷ್ಟು ಸಾರಿ ಅರ್ಥವತ್ತಾಗಿ ವಿವರಿಸಿರುವೆನೋ ಲೆಕ್ಕವಿಲ್ಲ. ವಿಷಯಚಿಂತನೆಯಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಸಂಮೋಹ, ಅದರಿಂದ ಸ್ಮೃತಿಯ ಭ್ರಂಶವೆಂದು ಗೀತೆಯ ಎರಡನೆಯ ಅಧ್ಯಾಯವು ಹೇಳುವ ಸರಪಳಿಯೂ ನನಗೆ ಕಂಠಪಾಠವಾಗಿದ್ದಿತು. ಆದರೆ ಅಲ್ಲಿಯ 'ಸ್ಮೃತಿ' ಯಾವದು? ತಮ್ಮನ ಮಾತು ನನಗೆ ಅಕ್ಷರ ಬಿಡದೆ ನೆನಪಿದ್ದಿತು, ನೆನಪೇನೂ ಭ್ರಂಶವಾಗಿರಲಿಲ್ಲ. ಕೆಟ್ಟುಹೋದುದು ಬೇರೆ ಏನೋ ಇರಬೇಕೆಂಬ ಸಂದೇಹವು ಅಂದೇ ಹುಟ್ಟಿದ್ದರೆ ಎಷ್ಟು ಒಳ್ಳೆಯದಾಗುತ್ತಿತ್ತು!

ನಿವೃತ್ತನಾದ ಮೇಲೆ ಬಿಡುವು ದೊರೆಯಿತು. ಅಶ್ವಘೋಷನ 'ಸೌಂದರನಂದ' ಕಾವ್ಯವನ್ನು ಕಾವ್ಯದ ಆಸೆಯಿಂದಲೇ ಓದತೊಡಗಿದೆನು. ಹೆಂಡತಿಯ ಚಿಂತೆಯಲ್ಲಿ ಬೆಂದ ನಂದನಿಗೆ ಅಣ್ಣನಾದ ಬುದ್ಧನು ಮಾಡುವ ಉಪದೇಶದಲ್ಲಿ ಸ್ಮೃತಿಯು ಪದೇ ಪದೇ ಬರುವದು. ಅಲ್ಲಿಂದ ಪಾಲಿಯ ಸತಿಪಟ್ಠಾನಸುತ್ತಕ್ಕೆ ಬಂದೆನು. ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕು ಎಡೆಗಳಲ್ಲಿ ಸ್ಮೃತಿಯನ್ನು ನಿಲ್ಲಿಸಬೇಕೆಂಬದು ಅದರ ಸಾರ. ಚಿತ್ತದಲ್ಲಿ ದ್ವೇಷವಿದ್ದಾಗ ದ್ವೇಷವಿದೆಯೆಂದೂ ಇಲ್ಲದಾಗ ಇಲ್ಲವೆಂದೂ ತಿಳಿಯಬೇಕೆಂದು ಅಲ್ಲಿ ಹೇಳಿದೆ. ಇಷ್ಟು ಸುಲಭವಾದುದನ್ನು ಒಬ್ಬ ಬುದ್ಧನೇ ಹೇಳಬೇಕೇ ಎಂದು ಮೊದಲು ಅನಿಸಿತು. ಮಾಡಹೋದಾಗ ಗೊತ್ತಾಯಿತು, ಒಂಬತ್ತು ವರ್ಷದಲ್ಲಿ ನಾನು ತಮ್ಮನನ್ನು ನೋಡಿದ್ದೆನು, ಅವನ ತಪ್ಪನ್ನು ನೋಡಿದ್ದೆನು, ನನ್ನ ಸಿಟ್ಟನ್ನು ಒಂದು ದಿನವೂ ನೋಡಿರಲಿಲ್ಲ.

ಮುಂಜಾವಿನಲ್ಲಿ ತ್ರಿಪುರಾಂತದ ಕೆರೆಯ ದಂಡೆಗೆ ಹೋಗಿ ಕುಳಿತುಕೊಳ್ಳುವ ರೂಢಿ ಮಾಡಿದೆನು. ಮೊದಲು ಉಸಿರನ್ನು ಗಮನಿಸುವದು. ಕಟ್ಟೆಯ ಮಾತು ನೆನಪಾದ ಕೂಡಲೆ ಅದಕ್ಕೆ ಉತ್ತರ ಕೊಡದೆ ಮೈಯನ್ನು ನೋಡುವದು. ಕಿವಿ ಬಿಸಿಯಾಗಿದೆ, ದವಡೆ ಬಿಗಿದಿದೆ, ಎದೆಯಲ್ಲಿ ಉಸಿರು ಮೇಲೆಯೇ ನಿಂತಿದೆ, ಇದು ಸಿಟ್ಟು. ನಮ್ಮ ಕನ್ನಡದ ಒಂದು ಉಪಕಾರವು ಆಗ ನನ್ನ ಲಕ್ಷ್ಯಕ್ಕೆ ಬಂದಿತು. ಜ್ವರ ಬಂತು, ನಿದ್ದೆ ಬಂತು ಎನ್ನುವ ಹಾಗೆಯೇ ನಾವು 'ಸಿಟ್ಟು ಬಂತು' ಎನ್ನುತ್ತೇವೆ. ಬಂದದ್ದು ನಾನಲ್ಲ, ಬಂದದ್ದು ಹೋಗಲೂ ಬೇಕು. ನಾನು ಹೊಸ ಮಾತುಗಳ ಸೌದೆಯನ್ನು ಒಟ್ಟದಿದ್ದರೆ ಅದು ಕೆಲವು ಹೊತ್ತಿನಲ್ಲಿ ತಾನೇ ಇಳಿಯುವದೆಂಬದನ್ನು ಕಣ್ಣಾರೆ ಕಂಡೆನು.

ಸಂಯುತ್ತನಿಕಾಯದ ಸಲ್ಲಸುತ್ತದಲ್ಲಿ ಎರಡು ಬಾಣಗಳ ದೃಷ್ಟಾಂತವಿದೆ. ನೋವು ಎಂಬ ಮೊದಲಿನ ಬಾಣವು ಪಂಡಿತನಿಗೂ ಪಾಮರನಿಗೂ ತಾಗುವದು. ಆ ನೋವಿಗಾಗಿ ಅತ್ತು ಹಲುಬುವ ಎರಡನೆಯ ಬಾಣವು ಪಾಮರನಿಗೆ ಮಾತ್ರ. ತಮ್ಮನು ಎಸೆದುದು ಒಂದೇ ಬಾಣ, ಅದೂ ಒಂದೇ ದಿನ. ಉಳಿದವುಗಳನ್ನು ಬಸ್ಸಿನಲ್ಲಿ ಕುಳಿತು ನಾನೇ ಎಸೆದುಕೊಂಡಿದ್ದೆನು. ಮಜ್ಝಿಮನಿಕಾಯದ ಇನ್ನೊಂದು ಸೂತ್ರದಲ್ಲಿ ಕೆಟ್ಟ ವಿಚಾರಗಳನ್ನು ನಿವಾರಿಸುವದಕ್ಕೆ ಐದು ಉಪಾಯಗಳಿವೆ: ಒಳ್ಳೆಯದನ್ನು ನೆನೆಯುವದು, ಕೆಟ್ಟದರ ಅಪಾಯವನ್ನು ಕಾಣುವದು, ಅದಕ್ಕೆ ಲಕ್ಷ್ಯ ಕೊಡದಿರುವದು, ಅದರ ಮೂಲವನ್ನು ಮೆಲ್ಲನೆ ಶಾಂತಗೊಳಿಸುವದು, ಯಾವದೂ ಸಾಗದಿದ್ದರೆ ಹಲ್ಲು ಕಚ್ಚಿ ತಡೆಯುವದು. ಹಲ್ಲು ಕಚ್ಚುವದು ಕಟ್ಟಕಡೆಯದು. ನಾವು ಗೃಹಸ್ಥರು ಅದನ್ನೇ ಮೊದಲು ಹಿಡಿದು, ಸಿಟ್ಟನ್ನು ನುಂಗಿದೆವೆಂದು ತಿಳಿಯುತ್ತೇವೆ. ನುಂಗಿದ್ದು ಜೀರ್ಣವಾಗುವದಿಲ್ಲ.

ಇದು ಪರದೇಶದ ಮಾತೆಂದು ಯಾರೂ ಭಾವಿಸಬಾರದು. ಕಲ್ಯಾಣವು ರಾಜಧಾನಿಯಾಗಿದ್ದಾಗಲೇ, ೧೦೯೫ರಲ್ಲಿ, ಅದೇ ವಿಕ್ರಮಾದಿತ್ಯನ ರಾಜ್ಯದ ಡಂಬಳದಲ್ಲಿ ತಾರಾದೇವಿಯ ಗುಡಿಯೂ ಬೌದ್ಧವಿಹಾರವೂ ಇದ್ದುದಕ್ಕೆ ಶಾಸನವಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾನದಿಯ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ೧೯೮೬ರಲ್ಲಿ ಕಾಳಿಯ ಗುಡಿಯ ಮೇಲ್ಛಾವಣಿ ಬಿದ್ದಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆಯೇ ಅಶೋಕನ ಧರ್ಮಲಿಪಿ ದೊರೆಯಿತು. ಅದರಲ್ಲಿ ಕಳಿಂಗದ ಪ್ರತ್ಯೇಕ ಶಾಸನಗಳೆಂದು ಪ್ರಸಿದ್ಧವಾದವುಗಳೂ ಇವೆ. ಒಡಿಸ್ಸಾದ ಧೌಲಿಯಲ್ಲಿ ಹೆಚ್ಚು ಪೂರ್ಣವಾಗಿ ಓದಸಿಗುವ ಮೊದಲನೆಯ ಪ್ರತ್ಯೇಕ ಶಾಸನದಲ್ಲಿ ಅಶೋಕನು ನಗರದ ನ್ಯಾಯಾಧಿಕಾರಿಗಳಿಗೆ ಈರ್ಷ್ಯೆ, ಥಟ್ಟನೆ ಕೆರಳುವದು, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವದು, ಆಲಸ್ಯ, ಬಳಲಿಕೆ ಎಂಬ ಏಳು ದೋಷಗಳಿಂದ ದೂರವಿರಬೇಕೆಂದು ವಿಧಿಸಿ, ಕೆರಳದಿರುವದೂ ಆತುರಪಡದಿರುವದೂ ಎಲ್ಲಕ್ಕೂ ಮೂಲವೆನ್ನುವನು. ಅಲ್ಲಿ ಕೋಪದ ಮಾತು ಬಂದಿರುವದು ಧ್ಯಾನಮಂದಿರದಲ್ಲಿ ಅಲ್ಲ, ಕಚೇರಿಯಲ್ಲಿ. ಮನಸ್ಸಿನ ಶಾಂತಿಯ ಸಲುವಾಗಿ ಅಲ್ಲ, ಇನ್ನೊಬ್ಬನಿಗೆ ಅನ್ಯಾಯವಾಗದಿರಲೆಂದು. ಈ ಭೇದವನ್ನು ನಾನು ಕಂಡುಕೊಳ್ಳಲಿಲ್ಲ. ಅದರಿಂದಾದ ಹಾನಿಯನ್ನು ಈಗ ಹೇಳಬೇಕಾಗಿದೆ.

ಒಂದು ವರ್ಷದ ಅಭ್ಯಾಸದಿಂದ ನನ್ನ ಸಿಟ್ಟು ಬಹಳ ಮಟ್ಟಿಗೆ ಇಳಿಯಿತು. ನಿದ್ರೆ ಬರತೊಡಗಿತು. ತಮ್ಮನನ್ನು ಸಂತೆಯಲ್ಲಿ ಕಂಡರೂ ಎದೆ ಬಡಿದುಕೊಳ್ಳುತ್ತಿರಲಿಲ್ಲ. ನನ್ನ ಸಾಧನೆಗೆ ನಾನೇ ತಲೆದೂಗಿದೆನು. ಆದರೆ ಮೋಟರಿನ ಮನೆಯ ಬೀಗ ಹಾಗೆಯೇ ಇದ್ದಿತು. ಸಿಟ್ಟಿನಿಂದ ಹಾಕಿದ ಬೀಗವನ್ನು ಶಾಂತಿಯಿಂದ ಇಟ್ಟುಕೊಂಡಿದ್ದೆನು. ಇಂದು ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಿರುವಾಗಲೇ ಒಂದು ದಿನ ಬೆಳಗಿನಲ್ಲಿ ತಮ್ಮನು ಹೃದಯ ನಿಂತು ತೀರಿಕೊಂಡನೆಂಬ ಸುದ್ದಿ ಬಂದಿತು.

ಬುದ್ಧನ ಮಾರ್ಗದಲ್ಲಿ ಸಮ್ಯಕ್ ಸ್ಮೃತಿಯು ಎಂಟು ಅಂಗಗಳಲ್ಲಿ ಒಂದು. ಸಮ್ಯಕ್ ವಾಕ್ಕು, ಸಮ್ಯಕ್ ಕರ್ಮ, ಸಮ್ಯಕ್ ಆಜೀವಗಳು ಅದರ ಒಡಹುಟ್ಟುಗಳು. ಅಷ್ಟೇ ಅಲ್ಲ, ಸ್ಮೃತಿಯ ಜೊತೆಗೆ 'ಸಂಪ್ರಜನ್ಯ'ವೆಂಬ ಇನ್ನೊಂದು ಗುಣವನ್ನು ಬೌದ್ಧರು ಯಾವಾಗಲೂ ಹೇಳುವರು. ಈ ಕಾರ್ಯದಿಂದ ಹಿತವುಂಟೇ, ಈ ಸಮಯಕ್ಕೆ ಇದು ತಕ್ಕದ್ದೇ ಎಂಬ ವಿವೇಕವು ಅದರಲ್ಲಿ ಸೇರಿದೆ. ಪಾಶ್ಚಾತ್ಯರು ೧೮೮೧ರಿಂದ ಸತಿಯನ್ನು 'ಮೈಂಡ್‌ಫುಲ್‌ನೆಸ್' ಎಂದು ಅನುವಾದಿಸುತ್ತ ಬಂದರು. ೧೯೭೯ರಲ್ಲಿ ಅಮೇರಿಕೆಯ ಜಾನ್ ಕಬಾಟ್-ಜಿನ್ ಅವರು ಅದನ್ನು ಮ್ಯಾಸಚೂಸೆಟ್ಸಿನ ರೋಗಿಗಳ ನೋವಿಗೂ ತಳಮಳಕ್ಕೂ ಉಪಾಯವಾಗಿ ಕಲಿಸಲಾರಂಭಿಸಿದರು. ಅದರಿಂದ ಅನೇಕರಿಗೆ ಉಪಕಾರವಾಗಿದೆ. ನಾನು ಅದನ್ನು ಹಳಿಯಲಾರೆನು. ಆದರೆ ಒಂದೇ ಅಂಗವನ್ನು ಕಿತ್ತುಕೊಂಡು ನನ್ನ ನಿದ್ರೆಗೆ ಮಾತ್ರ ಉಪಯೋಗಿಸಿಕೊಂಡವನು ನಾನೇ ಆಗಿದ್ದುದರಿಂದ, ಅದರ ಅಪಾಯವನ್ನು ಹೇಳುವ ಅಧಿಕಾರವು ನನಗುಂಟು.

ನನ್ನ ಹಳೆಯ ಶಿಷ್ಯನೊಬ್ಬನು, ಈಗ ವಕೀಲನಾಗಿರುವವನು, ಒಮ್ಮೆ ಕೇಳಿದನು: "ಗುರುಗಳೆ, ಅನ್ಯಾಯವಾದವನಿಗೂ ಸಿಟ್ಟು ಮಾಡಬೇಡ ಎನ್ನುವದು ಅನ್ಯಾಯ ಮಾಡಿದವನಿಗೆ ಸಹಾಯವಾಗುವದಿಲ್ಲವೇ?" ಪ್ರಶ್ನೆ ಯೋಗ್ಯವಾದುದು. ಅದಕ್ಕೆ ಉತ್ತರವನ್ನು ಡಾಕ್ಟರ ಅಂಬೇಡಕರರ ಜೀವನದಲ್ಲಿ ಕಾಣುತ್ತೇನೆ. ನಮ್ಮ ಸಮಾಜದ ಅತ್ಯಂತ ದೊಡ್ಡ ಅನ್ಯಾಯದ ವಿರುದ್ಧ ಆಯುಷ್ಯವೆಲ್ಲ ಹೋರಾಡಿದ ಆ ಮಹನೀಯರು ೧೯೫೬ರ ಅಕ್ಟೋಬರ ೧೪ರಂದು ನಾಗಪುರದಲ್ಲಿ ಬುದ್ಧನನ್ನು ಶರಣುಹೊಕ್ಕರು, ಹಕ್ಕನ್ನು ಬಿಡಲಿಲ್ಲ. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳಲ್ಲಿ ಅವರ ಹಿಂದೆ ನಡೆದ ಮನೆತನಗಳು ಎಷ್ಟೋ ಇವೆ. ಸಿಟ್ಟನ್ನು ಕಾಣುವದು ಬೇರೆ, ಹಕ್ಕನ್ನು ಬಿಡುವದು ಬೇರೆ. ಸ್ಮೃತಿಯುಳ್ಳವನು ತನ್ನ ಹಕ್ಕು ಎಷ್ಟು, ತನ್ನ ಗಾಯ ಎಷ್ಟು ಎಂಬ ಎರಡನ್ನೂ ಬೇರೆ ಬೇರೆ ತೂಗಬಲ್ಲನು. ಹಾಗೆ ತೂಗಿದಾಗ ನನ್ನ ಹಕ್ಕು ರಿಪೇರಿಯ ಖರ್ಚಿನಲ್ಲಿ ಅರ್ಧ ಭಾಗದಷ್ಟೇ. ಬೀಗವು ಪೂರಾ ಗಾಯದ್ದು.

ತಮ್ಮನು ಹೋದ ಮೇಲೆ ಸಿಟ್ಟಿನ ಸ್ಥಳದಲ್ಲಿ ಪಶ್ಚಾತ್ತಾಪವು ಬಂದು ಕುಳಿತಿತು. ಇದನ್ನು ನಾನು ಸದ್ಗುಣವೆಂದೇ ಎಣಿಸಿ ರಾತ್ರಿಯೆಲ್ಲ ಮೆಲುಕುಹಾಕತೊಡಗಿದೆನು. ಬೌದ್ಧರು ಚಿತ್ತವನ್ನು ಮುಚ್ಚುವ ಐದು ಆವರಣಗಳಲ್ಲಿ ಕೌಕೃತ್ಯವನ್ನು, ಅಂದರೆ ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಹಲುಬುವದನ್ನು, ಸೇರಿಸಿರುವದು ಆಗ ನೆನಪಾಯಿತು. ಹಲುಬುವದೂ ಎರಡನೆಯ ಬಾಣವೇ. ಹಳೆಯ ಬಸ್ಸಿನ ವಾದವೇ ಬೇರೆ ವೇಷದಲ್ಲಿ ಬಂದಿದ್ದಿತು. ಅಲ್ಲಿಯೂ ಕೇಂದ್ರದಲ್ಲಿ ನಾನೇ. ಪಶ್ಚಾತ್ತಾಪದಲ್ಲಿ ಹುರುಳಿರುವದು ಅದು ತೋರಿಸುವ ಕೆಲಸದಲ್ಲಿ. ಕೆಲಸ ಮುಗಿದ ಮೇಲೆ ಅದನ್ನೂ ಬಂದವರಂತೆ ಕಳಿಸಿಕೊಡತಕ್ಕದ್ದು.

ಹದಿನೈದು ದಿನಗಳ ಮೇಲೆ ತಮ್ಮನ ಮನೆಗೆ ಹೋದೆನು. ಮಗನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದನು. ಬೀಗದ ಕೈಯನ್ನು ಅವನ ಮುಂದಿಟ್ಟು, ವಾರದಲ್ಲಿ ಮೂರು ದಿನದ ಪಾಳಿ ನಿಮ್ಮದು, ಈ ಸಾರಿ ಕಾಗದದ ಮೇಲೆ ಬರೆದುಕೊಡುತ್ತೇನೆಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ದೊಡ್ಡಪ್ಪಾ, ಅಪ್ಪ ಇದ್ದಾಗ ಬರಬೇಕಿತ್ತು" ಎಂದನು. ಕಿವಿ ಬಿಸಿಯಾಯಿತು, ಗಂಟಲು ಬಿಗಿಯಿತು. ಉತ್ತರಗಳು ಎಷ್ಟೋ ಬಂದು ಬಾಗಿಲಿಗೆ ನಿಂತವು: ಅವನೂ ಬರಬಹುದಿತ್ತಲ್ಲ, ಮೊದಲು ಮಾತಾಡಿದವನು ಅವನಲ್ಲವೇ? ಅವುಗಳನ್ನು ಕಂಡೆನು. "ಹೌದಪ್ಪಾ, ಬರಬೇಕಿತ್ತು" ಎಂದೆನು.

ಮೊದಲನೆಯ ಸ್ಮೃತಿಯಿಂದ ನನ್ನ ಹೊಲ ನನಗೆ ದೊರೆಯಿತು. ಎರಡನೆಯದರಿಂದ ತಮ್ಮನನ್ನು ಕಳೆದುಕೊಂಡೆನು. ಮೂರನೆಯದು ಅವನನ್ನು ತಿರುಗಿ ಕೊಡಲಿಲ್ಲ. ಆದರೆ ಅವನ ಮಗನ ಮುಂದೆ ಒಂದು ಸರಿಯಾದ ಮಾತನ್ನು ಆಡಿಸಿತು. ಈ ಲೇಖನವನ್ನು ಓದುವ ಯಾರಾದರೂ ಒಡಹುಟ್ಟಿದವರೊಡನೆ ಮಾತು ಬಿಟ್ಟಿದ್ದರೆ, ಅವರಿಗೆ ನಾನು ಉಸಿರನ್ನು ನೋಡಿರೆಂದು ಹೇಳುವೆನು. ಸಿಟ್ಟು ಬಂದಾಗ ಅದನ್ನು ಗುರುತಿಸಿರೆಂದೂ ಹೇಳುವೆನು. ಆದರೆ ಮನಸ್ಸು ಶಾಂತವಾದ ದಿನವೇ ಅಭ್ಯಾಸ ಮುಗಿಯಿತೆಂದು ತಿಳಿಯಬೇಡಿರಿ. ಅಂದೇ ಎದ್ದು, ಬೀಗದ ಕೈಯನ್ನು ತೆಗೆದುಕೊಂಡು, ಅವರ ಮನೆಗೆ ಹೊರಡತಕ್ಕದ್ದು.